ಶಿಲಾಶಾಸನಗಳ ಡಿಜಿಟಲ್ ಪ್ರತಿಗಳೂ ಸುಸ್ಥಿರಾಭಿವೃದ್ಧಿಯ ಗುರಿಗಳೂ

ಪ್ರಾಚೀನ ವಸ್ತುಗಳ ರಕ್ಷಣೆ ಬೇರೆ, ಜನಜೀವನದ ಅಭ್ಯುದಯ ಬೇರೆ ಎಂಬ ಭಾವನೆಯು ಬಹುಕಾಲದಿಂದ ರೂಢವಾಗಿದೆ. ಮೊದಲನೆಯದು ಪಂಡಿತರ ವ್ಯಾಸಂಗಕ್ಕೂ ಎರಡನೆಯದು ರಾಜ್ಯಾಡಳಿತಕ್ಕೂ ಸೇರಿದುದೆಂದು ವಿಭಾಗಿಸುವುದು ವಾಡಿಕೆ. ಕ್ರಿ. ಶ. ೨೦೧೫ನೆಯ ಸೆಪ್ಟೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯು ಅಂಗೀಕರಿಸಿದ ಸುಸ್ಥಿರಾಭಿವೃದ್ಧಿಯ ೧೭ ಗುರಿಗಳೂ ೧೬೯ ಉಪಗುರಿಗಳೂ ಈ ವಿಭಾಗವನ್ನು ಸಡಿಲಿಸಿವೆ. ಸಂಸ್ಕೃತಿಗೆಂದೇ ಮೀಸಲಾದ ಗುರಿಯೊಂದು ಅವುಗಳಲ್ಲಿ ಇಲ್ಲವೆಂಬುದು ನಿಜ. ಆದರೂ ನಗರಗಳನ್ನು ಕುರಿತ ೧೧ನೆಯ ಗುರಿಯಲ್ಲಿ ೪ನೆಯ ಉಪಗುರಿಯು ಲೋಕದ ಸಾಂಸ್ಕೃತಿಕ ಮತ್ತು ನೈಸರ್ಗಿಕ ಪರಂಪರೆಯ ರಕ್ಷಣೆಯನ್ನು ಹೇಳುತ್ತದೆ. ವಿದ್ಯಾಭ್ಯಾಸವನ್ನು ಕುರಿತ ೪ನೆಯ ಗುರಿಯಲ್ಲಿ ೭ನೆಯ ಉಪಗುರಿಯು ಅಭಿವೃದ್ಧಿಗೆ ಸಂಸ್ಕೃತಿಯಿಂದಾಗುವ ಉಪಕಾರವನ್ನು ವಿದ್ಯಾರ್ಥಿಗಳು ಅರಿಯಬೇಕೆನ್ನುತ್ತದೆ. ೧೬ನೆಯ ಗುರಿಯಲ್ಲಿ ೧೦ನೆಯ ಉಪಗುರಿಯು ತಿಳಿವಳಿಕೆಯು ಸರ್ವರಿಗೂ ದೊರೆಯಬೇಕೆಂದು ವಿಧಿಸುತ್ತದೆ. ಶಾಸನಗಳಿಗೆ ಡಿಜಿಟಲ್ ಪ್ರತಿಗಳನ್ನು ಸಿದ್ಧಪಡಿಸುವ ಕಾರ್ಯವು ಈ ಗುರಿಗಳಿಗೆ ಎಷ್ಟರಮಟ್ಟಿಗೆ ಹೊಂದುತ್ತದೆ, ಹೊಂದಬೇಕಾದರೆ ಅದರಲ್ಲಿ ಯಾವ ಯಾವ ಅಂಗಗಳಿರಬೇಕು ಎಂಬುದೇ ಪ್ರಕೃತ ವಿಚಾರ.

ಇದಕ್ಕೆ ಬೆಂಗಳೂರಿನ ಶಾಸನಗಳೇ ತಕ್ಕ ನಿದರ್ಶನ. ಬಿ. ಎಲ್. ರೈಸ್ ಅವರು ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಮಾಲೆಯಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳನ್ನೊಳಗೊಂಡ ೯ನೆಯ ಸಂಪುಟವು ೧೯೦೫ರಲ್ಲಿ ಪ್ರಕಟವಾಯಿತು. ಅಂದು ಹೊಲದ ಬದುವಿನಲ್ಲಿಯೂ ಗುಡಿಯ ಅಂಗಳದಲ್ಲಿಯೂ ನಿಂತಿದ್ದ ಕಲ್ಲುಗಳಲ್ಲಿ ಹಲವು ನಗರವು ಬೆಳೆದಂತೆಲ್ಲ ಕಣ್ಮರೆಯಾದುವು. ಮುದ್ರಿತ ಪಾಠವು ಉಳಿದು ಕಲ್ಲು ಅಳಿದ ಮೇಲೆ, ಪಾಠದಲ್ಲಿ ಸಂದೇಹ ಬಂದರೆ ಪರಿಶೀಲಿಸುವುದಕ್ಕೆ ಬೇರೆ ಆಧಾರವಿಲ್ಲ. ೧೯೦೯ರಲ್ಲಿ ಸ್ಥಾಪಿತವಾದ ಮಿಥಿಕ್ ಸೊಸೈಟಿಯು ೨೦೨೧ರಲ್ಲಿ ಬೆಂಗಳೂರಿನ ಶಾಸನಗಳ ಮೂರು ಆಯಾಮದ ಡಿಜಿಟಲ್ ಸಂರಕ್ಷಣೆಯನ್ನು ಕೈಗೊಂಡುದು ಈ ಕೊರತೆಯನ್ನು ನೀಗುವ ಪ್ರಯತ್ನವಾಗಿದೆ.

ಇದರ ಕ್ರಮ ಹೀಗೆ. ಹಿಂದಿನ ಪದ್ಧತಿಯಲ್ಲಿ ನೆನೆದ ಕಾಗದವನ್ನು ಕಲ್ಲಿನ ಮೇಲೆ ಹಾಸಿ, ಕುಂಚದಿಂದ ತಟ್ಟಿ, ಮಸಿಯನ್ನು ಒತ್ತಿ ಪಡಿಯಚ್ಚನ್ನು ತೆಗೆಯುತ್ತಿದ್ದರು. ಅಕ್ಷರದ ತಗ್ಗು ಸವೆದಿದ್ದರೆ ಮಸಿಯು ಅದನ್ನು ತೋರಿಸಲಾರದು. ಈಗಿನ ಯಂತ್ರವು ಕಲ್ಲನ್ನು ಮುಟ್ಟದೆಯೇ ಅದರ ಮೇಲೆ ಬೆಳಕನ್ನು ಹಾಯಿಸಿ, ಪ್ರತಿಯೊಂದು ಬಿಂದುವಿನ ಉಬ್ಬುತಗ್ಗುಗಳನ್ನು ಅಳೆದು ಗಣಕದಲ್ಲಿ ದಾಖಲಿಸುತ್ತದೆ. ಆ ಪ್ರತಿಯನ್ನು ಬೇಕಾದ ಕಡೆಗೆ ತಿರುಗಿಸಿ, ಬೇಕಾದ ದಿಕ್ಕಿನಿಂದ ಕೃತಕವಾದ ಬೆಳಕನ್ನು ಬೀರಿದರೆ, ಬರಿಗಣ್ಣಿಗೆ ಅಳಿದಂತೆ ತೋರುವ ಅಕ್ಷರಗಳೂ ನೆರಳಿನ ಸಹಾಯದಿಂದ ಗೋಚರಿಸುತ್ತವೆ. ೨೦೧೮ರಲ್ಲಿ ಹೆಬ್ಬಾಳದಲ್ಲಿ ಬೆಳಕಿಗೆ ಬಂದ, ಗಂಗರ ಶ್ರೀಪುರುಷನ ಕಾಲದಲ್ಲಿ ಸುಮಾರು ಕ್ರಿ. ಶ. ೭೫೦ರಲ್ಲಿ ಹುಟ್ಟಿದ ಕಿತ್ತಯ್ಯನ ವೀರಗಲ್ಲಿನಂತಹ ಪ್ರಾಚೀನ ಶಿಲೆಗಳಿಗೆ ಈ ವಿಧಾನವು ಎಷ್ಟು ಉಪಯುಕ್ತವೆಂಬುದನ್ನು ವಿವರಿಸಬೇಕಾಗಿಲ್ಲ.

ಪ್ರತಿಯು ಸಿದ್ಧವಾದ ಮಾತ್ರಕ್ಕೆ ಗುರಿಯು ಸಾಧಿತವಾಯಿತೆಂದು ತಿಳಿಯಲಾಗದು. ೧೧ನೆಯ ಗುರಿಯ ಮೇಲ್ಕಂಡ ಉಪಗುರಿಗೆ ಗೊತ್ತುಪಡಿಸಿರುವ ಅಳತೆಯು ಪರಂಪರೆಯ ರಕ್ಷಣೆಗಾಗಿ ತಲೆಯೊಂದಕ್ಕೆ ಎಷ್ಟು ಹಣ ವೆಚ್ಚವಾಯಿತೆಂಬುದು. ವೆಚ್ಚವು ಪ್ರಯತ್ನವನ್ನು ಸೂಚಿಸುತ್ತದೆಯೇ ಹೊರತು ಫಲವನ್ನು ಸೂಚಿಸುವುದಿಲ್ಲ. ಯುನೆಸ್ಕೋ ಸಂಸ್ಥೆಯು ೨೦೧೯ರಲ್ಲಿ ಸಂಸ್ಕೃತಿಯ ವಿಷಯದಲ್ಲಿ ೨೨ ಸೂಚಕಗಳನ್ನು ಪ್ರಕಟಿಸಿ, ಜ್ಞಾನವನ್ನೂ ಜನರ ಭಾಗಿತ್ವವನ್ನೂ ಲೆಕ್ಕಕ್ಕೆ ತಂದುದು ಈ ನ್ಯೂನತೆಯನ್ನು ಅರಿತೇ ಎನ್ನಬಹುದು. ಸಾವಿರ ಕಲ್ಲುಗಳ ಚಿತ್ರಗಳು ಗಣಕದಲ್ಲಿದ್ದು, ಓದಬಲ್ಲವರು ಇಲ್ಲದಿದ್ದರೆ, ಕಲ್ಲು ಮಣ್ಣಿನಲ್ಲಿ ಹೂತಿದ್ದುದಕ್ಕೂ ಇದಕ್ಕೂ ಹೆಚ್ಚಿನ ಭೇದವಿಲ್ಲ. ಆದುದರಿಂದ ಚಿತ್ರದೊಡನೆ ಶುದ್ಧವಾದ ಪಾಠ, ಹೊಸಗನ್ನಡದಲ್ಲಿ ಅದರ ತಾತ್ಪರ್ಯ, ಕಲ್ಲು ಇರುವ ಸ್ಥಳದ ನಿರ್ದೇಶ, ಇವು ಮೂರೂ ಇರತಕ್ಕದ್ದು. ಹಳಗನ್ನಡದ ಲಿಪಿಯನ್ನೂ ವ್ಯಾಕರಣವನ್ನೂ ಕಲಿಸುವ ಉಪಾಧ್ಯಾಯರಿಲ್ಲದೆ ಇವು ಒದಗುವುದಿಲ್ಲ. ೪ನೆಯ ಗುರಿಗೂ ಶಾಸನಪ್ರತಿಗಳಿಗೂ ಇರುವ ನಿಜವಾದ ಸಂಬಂಧವು ಇದೇ.

ಪಾಠವು ದೊರೆತಾಗ ಆಗುವ ಪ್ರಯೋಜನಕ್ಕೆ ಕೆರೆಗಳ ಶಾಸನಗಳೇ ಸಾಕ್ಷಿ. ಬೆಂಗಳೂರಿನ ಅಗರದಲ್ಲಿರುವ ಒಂಬತ್ತನೆಯ ಶತಮಾನದ ಶಾಸನವು ಕೆರೆಗಳಿಗೆ ತೂಬುಗಳನ್ನಿಡಿಸಿದುದನ್ನು ತಿಳಿಸುತ್ತದೆ. ಕೆರೆಯ ಕೆಲಸಕ್ಕಾಗಿ ಬಿಟ್ಟ ಬಿತ್ತುವಟ್ಟ, ಕಟ್ಟುಕೊಡಗಿ ಮೊದಲಾದ ದತ್ತಿಗಳು ಕನ್ನಡ ಶಾಸನಗಳಲ್ಲಿ ಹೇರಳವಾಗಿ ಉಕ್ತವಾಗಿವೆ. ಕೆರೆಯನ್ನು ಕಟ್ಟಿಸಿದರೆ ಸಾಲದು, ವರುಷ ವರುಷವೂ ಹೂಳೆತ್ತಿಸಿ ಏರಿಯನ್ನು ಕಾಯುವುದಕ್ಕೆ ಸ್ಥಿರವಾದ ಆದಾಯವಿರಬೇಕೆಂಬ ತತ್ತ್ವವು ಇವುಗಳಲ್ಲಿ ಅಡಗಿದೆ. ನದಿ, ಸರೋವರಗಳ ರಕ್ಷಣೆಯನ್ನು ಹೇಳುವ ೬ನೆಯ ಗುರಿಯ ೬ನೆಯ ಉಪಗುರಿಗೆ ಇದಕ್ಕಿಂತ ಸಮೀಪವಾದ ವ್ಯಾಖ್ಯಾನವು ಬೇರೆ ಯಾವುದಿದ್ದೀತು? ಸ್ಥಳನಿರ್ದೇಶದೊಡನೆ ಇಂತಹ ಶಾಸನಗಳು ಪ್ರಕಟವಾದರೆ, ಎಲ್ಲೆಲ್ಲಿ ಕೆರೆಗಳಿದ್ದುವು, ಅವುಗಳ ನಿರ್ವಹಣೆ ಯಾರ ಹೊಣೆಯಾಗಿತ್ತು ಎಂಬುದು ಗ್ರಾಮಸ್ಥರಿಗೂ ಅಧಿಕಾರಿಗಳಿಗೂ ತಿಳಿಯುವುದು.

ಇನ್ನು ಪ್ರತಿಯ ಬಾಳಿಕೆಯ ವಿಚಾರ. ಇಂಗ್ಲೆಂಡಿನಲ್ಲಿ ೧೦೮೬ರಲ್ಲಿ ಚರ್ಮಪತ್ರಗಳ ಮೇಲೆ ಬರೆದ ‘ಡೂಮ್ಸ್‌ಡೇ’ ಎಂಬ ಭೂಮಿಲೆಕ್ಕದ ಗ್ರಂಥವನ್ನು ಇಂದಿಗೂ ಓದಬಹುದು. ಅದರ ಒಂಬೈನೂರನೆಯ ವರ್ಷದ ನೆನಪಿಗಾಗಿ ಬಿ. ಬಿ. ಸಿ. ಸಂಸ್ಥೆಯು ೧೯೮೬ರಲ್ಲಿ ಲೇಸರ್ ತಟ್ಟೆಗಳ ಮೇಲೆ ದೇಶದ ಹೊಸ ವಿವರಗಳನ್ನು ಸಂಗ್ರಹಿಸಿತು. ಎರಡು ದಶಕಗಳು ತುಂಬುವ ಮೊದಲೇ ಆ ತಟ್ಟೆಗಳನ್ನು ಓದುವ ಯಂತ್ರಗಳು ದುರ್ಲಭವಾಗಿ, ಅದರಲ್ಲಿದ್ದುದನ್ನು ಉಳಿಸಿಕೊಳ್ಳುವುದಕ್ಕೆ ವಿಶೇಷ ಪ್ರಯತ್ನ ನಡೆಯಬೇಕಾಯಿತು. ತಾಳೆಯೋಲೆಯು ಜೀರ್ಣವಾಗುವ ಮೊದಲೇ ಹೊಸ ಓಲೆಗೆ ಪ್ರತಿಮಾಡುತ್ತಿದ್ದ ಲಿಪಿಕಾರರಿಂದಲೇ ನಮ್ಮ ಕಾವ್ಯಶಾಸ್ತ್ರಗಳು ಉಳಿದು ಬಂದುವು. ಡಿಜಿಟಲ್ ಪ್ರತಿಗೂ ಇದೇ ಧರ್ಮ ಅನ್ವಯಿಸುತ್ತದೆ: ಎಲ್ಲರಿಗೂ ತೆರೆದ ಮಾದರಿಯಲ್ಲಿ ಅದನ್ನು ಇರಿಸಬೇಕು, ಬೇರೆ ಬೇರೆ ಸ್ಥಳಗಳಲ್ಲಿ ಕಾಪಾಡಬೇಕು, ಕಾಲಕಾಲಕ್ಕೆ ಹೊಸ ಸಾಧನಕ್ಕೆ ವರ್ಗಾಯಿಸಬೇಕು. ಗಣಕಗಳ ಉಗ್ರಾಣಕ್ಕೆ ಸದಾ ವಿದ್ಯುಚ್ಛಕ್ತಿಯು ವ್ಯಯವಾಗುವುದರಿಂದ, ಅನಾವಶ್ಯಕವಾದ ಪ್ರತಿಗಳನ್ನು ರಾಶಿಹಾಕದಿರುವುದೂ ಸುಸ್ಥಿರತೆಯ ಒಂದು ಅಂಗವೇ.

ಒಟ್ಟಿನಲ್ಲಿ, ಯೋಜನೆಯ ವರದಿಯಲ್ಲಿ ಗುರಿಗಳ ಸಂಖ್ಯೆಯನ್ನು ನಮೂದಿಸುವುದರಿಂದ ಸಾಮಂಜಸ್ಯವು ಸಿದ್ಧಿಸುವುದಿಲ್ಲ. ಮೂಲಶಿಲೆಯು ತನ್ನ ಸ್ಥಳದಲ್ಲಿ ಸುರಕ್ಷಿತವಾಗಿರುವುದು, ಪಾಠವು ಶಾಲೆಯನ್ನು ಮುಟ್ಟುವುದು, ಪ್ರತಿಯು ಮುಂದಿನ ತಲೆಮಾರಿಗೆ ಓದುವಂತಿರುವುದು, ಈ ಮೂರರಿಂದ ಅದು ಸಿದ್ಧಿಸುತ್ತದೆ. ಇವುಗಳಲ್ಲಿ ಮೊದಲನೆಯದು ಊರಿನವರ ಕೈಯಲ್ಲಿದೆ, ಮೂರನೆಯದು ಸಂಸ್ಥೆಗಳ ಕೈಯಲ್ಲಿದೆ. ನಡುವಣದು ಭಾಷಾಧ್ಯಾಪಕರ ಹೊಣೆ. ಅದು ತಪ್ಪಿದರೆ ಉಳಿದೆರಡೂ ನಿಷ್ಫಲವಾಗುವುವು.