ಹೊಗೆ ಕೊಳವೆಯ ಟೋಪಿ ಹಾಗೂ ಮಾಳಿಗೆಯ ತಗಡಿನ ರಕ್ಷಣೆ – ಸಾರ್ವಜನಿಕರಿಗೆ ಮಾಹಿತಿ

ಯಾದಗಿರಿ ಜಿಲ್ಲೆಯ ವಡಗೇರಾ ಭಾಗದ ಹಳ್ಳಿಗಳಲ್ಲಿ ಕಲ್ಲಿನ ಗೋಡೆ ಮತ್ತು ಮಣ್ಣಿನ ಮಾಳಿಗೆಯ ಹಳೆಯ ಮನೆಗಳು ಇಂದಿಗೂ ಬಳಕೆಯಲ್ಲಿವೆ. ಇಂತಹ ಮನೆಗಳಲ್ಲಿ ಅಡುಗೆ ಕೋಣೆಯ ಹೊಗೆ ಮಾಳಿಗೆಯ ಬೆಳಕಿಂಡಿಯಿಂದ ಹೊರಹೋಗುತ್ತದೆ. ಮಳೆ ಬಂದಾಗ ಕಿಂಡಿಯನ್ನು ಕಲ್ಲು ಅಥವಾ ತಗಡಿನಿಂದ ಮುಚ್ಚುವುದರಿಂದ ನೀರು ನಿಂತರೂ ಹೊಗೆ ಒಳಗೇ ಉಳಿಯುತ್ತದೆ. ಇದರ ತೊಂದರೆ ಒಲೆಯ ಮುಂದೆ ಕುಳಿತ ಮಹಿಳೆಯರಿಗೆ ಮತ್ತು ಮಕ್ಕಳಿಗೆ ಹೆಚ್ಚು. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 32 ಲಕ್ಷ ಸಾವುಗಳು ಸಂಭವಿಸಿವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು 1980ರ ದಶಕದಲ್ಲಿ ರೂಪಿಸಿದ ‘ಅಸ್ತ್ರ ಒಲೆ’ಯು ಕೊಳವೆಯ ಮೂಲಕ ಹೊಗೆಯನ್ನು ಹೊರಗೆ ಕಳುಹಿಸುತ್ತದೆ. ಆದರೆ ಕೊಳವೆಯು ಮಾಳಿಗೆಯನ್ನು ದಾಟುವ ಸ್ಥಳ ಸರಿಯಾಗಿರದಿದ್ದಲ್ಲಿ ಮಳೆನೀರು ಸೋರಿ ಜಂತಿ ಹಾಗೂ ಗೋಡೆ ಹಾಳಾಗುತ್ತವೆ. ಆದ್ದರಿಂದ ಈ ಕೆಳಗಿನ ಅಂಶಗಳನ್ನು ಗಮನಿಸತಕ್ಕದ್ದು.

1. ಲೋಹದ ಆಯ್ಕೆ
ತಾಮ್ರ ಬಹುಕಾಲ ಬಾಳಿಕೆ ಬರುತ್ತದೆ. ಆದರೆ ಅದು ಕಡ್ಡಾಯವಲ್ಲ. ಸತುವಿನ ಲೇಪನವುಳ್ಳ ಕಬ್ಬಿಣದ ತಗಡೂ ಸಾಕಾಗುತ್ತದೆ. ಎರಡನ್ನೂ ಬೆರೆಸಕೂಡದು. ತಾಮ್ರದ ಮೇಲಿಂದ ಹರಿದ ನೀರು ಸತುವಿನ ಲೇಪನವನ್ನು ತಿನ್ನುತ್ತದೆ. ತಾಮ್ರದ ತಗಡಿಗೆ ಕಬ್ಬಿಣದ ಮೊಳೆ ಬಳಸದೆ ತಾಮ್ರ ಅಥವಾ ಹಿತ್ತಾಳೆಯ ಮೊಳೆ ಬಳಸಬೇಕು.

2. ಟೋಪಿಯ ಅಳತೆ
10 ಸೆಂ.ಮೀ. ವ್ಯಾಸದ ಕೊಳವೆಯ ಬಾಯಿ ಸುಮಾರು 78 ಚ.ಸೆಂ.ಮೀ. ಇರುತ್ತದೆ. ಟೋಪಿಯನ್ನು 5 ಸೆಂ.ಮೀ. ಮೇಲೆ ಕೂರಿಸಿದಲ್ಲಿ ಹೊಗೆಗೆ ಸುತ್ತಲೂ ಸುಮಾರು 157 ಚ.ಸೆಂ.ಮೀ. ದಾರಿ ದೊರೆಯುತ್ತದೆ. ಇದಕ್ಕಿಂತ ತಗ್ಗಿಸಿದರೆ ಮಸಿ ಕಟ್ಟಿ ಹೊಗೆ ಹಿಂದಿರುಗುವ ಸಂಭವವಿದೆ. 20 ಸೆಂ.ಮೀ. ಅಗಲ ಮತ್ತು 5 ಸೆಂ.ಮೀ. ಎತ್ತರದ ಟೋಪಿಗೆ 11.2 ಸೆಂ.ಮೀ. ತ್ರಿಜ್ಯದ ವೃತ್ತವನ್ನು ಕತ್ತರಿಸಿ, ಅದರ ಅಂಚಿನಲ್ಲಿ 6.5 ಸೆಂ.ಮೀ. ಅಳೆದು ಮಧ್ಯದವರೆಗೆ ತ್ರಿಕೋನಾಕಾರದ ತುಂಡನ್ನು ತೆಗೆಯಬೇಕು. ಅಂಚುಗಳನ್ನು 1 ಸೆಂ.ಮೀ. ಒಂದರ ಮೇಲೊಂದು ತಂದು ರಿವೆಟ್ ಹಾಕಬೇಕು. ಸಾಮಾನ್ಯ ತವರ-ಸೀಸದ ಬೆಸುಗೆ ಸುಮಾರು 190 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವುದರಿಂದ ಅದೊಂದನ್ನೇ ನಂಬಬಾರದು.

3. ಮಾಳಿಗೆಯ ಜೋಡಣೆ
ಕೊಳವೆಯ ಸುತ್ತ ಸಿಮೆಂಟ್ ಬಿಗಿಯಾಗಿ ತುಂಬುವುದು ಸಾಮಾನ್ಯವಾಗಿ ಕಂಡುಬರುವ ತಪ್ಪು. 2 ಮೀಟರ್ ಉದ್ದದ ಕಬ್ಬಿಣದ ಕೊಳವೆಯ ಬಿಸಿ 150 ಡಿಗ್ರಿ ಏರಿದಲ್ಲಿ ಅದು ಸುಮಾರು 3.5 ಮಿ.ಮೀ. ಉದ್ದವಾಗುತ್ತದೆ. ಪ್ರತಿ ಅಡುಗೆಗೂ ಹೀಗೆ ಹಿಗ್ಗಿ ಕುಗ್ಗುವುದರಿಂದ ಸಿಮೆಂಟ್ ಬಿರುಕು ಬಿಡುತ್ತದೆ. ನೀರು ಅಲ್ಲಿಂದಲೇ ಇಳಿಯುತ್ತದೆ.

ಇದಕ್ಕೆ ಎರಡು ಬಿಡಿ ಭಾಗಗಳು ಬೇಕು. ಮೊದಲನೆಯದು, ಮಾಳಿಗೆಯ ಗಾರೆಯ ಕೆಳಗೆ ಎಲ್ಲ ಬದಿಗೂ 15 ಸೆಂ.ಮೀ. ಹರಡಿ, ಕೊಳವೆಯ ಸುತ್ತ 15 ಸೆಂ.ಮೀ. ಮೇಲೇಳುವ ತಗಡು. ಇದು ಕೊಳವೆಗೆ ತಾಗದೆ 1 ಸೆಂ.ಮೀ. ದೂರವಿರಬೇಕು. ಎರಡನೆಯದು, ಕೊಳವೆಗೆ ಬಿಗಿದು ಆ ತಗಡಿನ ಬಾಯಿಯನ್ನು ಮೇಲಿನಿಂದ ಮುಚ್ಚುವ ಕೊಡೆಯಾಕಾರದ ಪಟ್ಟಿ. ಎರಡೂ ಪರಸ್ಪರ ಅಂಟಿರದ ಕಾರಣ ಕೊಳವೆ ಅಲುಗಾಡಿದರೂ ನೀರು ಒಳಬರುವುದಿಲ್ಲ. ಕೊಳವೆಯು ಮರದ ಜಂತಿ, ತೊಲೆಗಳ ಬಳಿ ಹಾದುಹೋಗಕೂಡದು.

4. ಖರೀದಿ ಮತ್ತು ಲೆಕ್ಕ
ತಾಮ್ರವನ್ನು ತೂಕದ ಮೇಲೆ ಮಾರಲಾಗುತ್ತದೆ. 0.5 ಮಿ.ಮೀ. ದಪ್ಪದ 1 ಚದರ ಮೀಟರ್ ತಗಡು ಸುಮಾರು 4.5 ಕೆ.ಜಿ. ತೂಗುತ್ತದೆ. ಕೆಲಸಗಾರರಿಗೆ ಕೊಟ್ಟ ತಗಡಿನ ತೂಕವನ್ನೂ ಹಿಂದಿರುಗಿದ ತುಂಡುಗಳ ತೂಕವನ್ನೂ ಬರೆದಿಟ್ಟುಕೊಂಡು ರಸೀದಿ ಪಡೆಯುವುದು ಉಭಯತರಿಗೂ ಕ್ಷೇಮ.

5. ನಿರ್ವಹಣೆ
ಟೋಪಿಯೊಳಗಿನ ಮಸಿಯನ್ನು ತಿಂಗಳಿಗೊಮ್ಮೆ ತೆಗೆಯಬೇಕು. ಸಣ್ಣ ಕಣ್ಣಿನ ಜಾಳಿಗೆ ಬೇಗ ಮುಚ್ಚಿಹೋಗುವುದರಿಂದ ಅದನ್ನು ಅಳವಡಿಸಬಾರದು. ಹಳೆಯ ಕಲ್ನಾರಿನ ಕೊಳವೆಗಳನ್ನು ಗರಗಸದಿಂದ ಕೊಯ್ಯಬಾರದು. ಅದರ ಧೂಳು ಶ್ವಾಸಕೋಶಕ್ಕೆ ಅಪಾಯಕಾರಿ.

ಕೊಳವೆಯು ಹೊಗೆಯನ್ನು ಕಡಿಮೆ ಮಾಡುತ್ತದೆಯೇ ಹೊರತು ಸಂಪೂರ್ಣವಾಗಿ ನಿವಾರಿಸುವುದಿಲ್ಲ. ಅಡುಗೆ ಅನಿಲ ಸಂಪರ್ಕವಿರುವವರು ಅದನ್ನೇ ಬಳಸುವುದು ಉತ್ತಮ. ಸೌದೆ ಒಲೆ ಅನಿವಾರ್ಯವಾಗಿರುವ ಕುಟುಂಬಗಳು, ಮನೆ ಹಾನಿಯಾದ ಬಳಿಕ ಪರಿಹಾರದ ಅರ್ಜಿ ಬರೆಯುವುದಕ್ಕಿಂತ, ಮುಂಗಾರಿಗೆ ಮೊದಲೇ ಈ ಕೆಲಸವನ್ನು ಪೂರೈಸಿಕೊಳ್ಳಬೇಕೆಂದು ಕೋರಲಾಗಿದೆ.