ಆಕಾಶದಿಂದ ಬಿದ್ದದ್ದೇನು? ಕೇಳಿದವರು ಹೆಂಗಸರು

ಮಾವು ಹೂ ಬಿಟ್ಟ ಕಾಲಕ್ಕೆ ನಮ್ಮ ಕೃಷ್ಣಗಿರಿ ಕಡೆಯ ತೋಟಗಳಲ್ಲಿ ಔಷಧಿ ಹೊಡೆಯೋದನ್ನು ನೀವೆಲ್ಲ ನೋಡಿರ್ತೀರಿ. ಹುಳ ಸಾಯಿಸುವ ವಿಷಕ್ಕೂ ನಾವು ‘ಔಷಧಿ’ ಅಂತಲೇ ಹೇಳ್ತೀವಿ. ಅಂಥ ಒಂದು ವಿಷವನ್ನು ಮನೆ, ಬಾವಿ, ಶಾಲೆಗಳ ಪಕ್ಕದಲ್ಲೇ ಹೆಲಿಕಾಪ್ಟರಿನಿಂದ ಹೊಡೆದರೆ ಹೇಗೆ? ಕೇರಳದ ಕಾಸರಗೋಡು ಜಿಲ್ಲೆಯಲ್ಲಿ ಎರಡು ದಶಕಗಳಿಗೂ ಹೆಚ್ಚು ಕಾಲ ಹಾಗೇ ನಡೆಯಿತು. ನಮ್ಮಂತೆಯೇ ಮನೆಯಲ್ಲಿ, ಶಾಲೆಯಲ್ಲಿ ಕನ್ನಡ ಮಾತಾಡುವ ಬಹಳ ಜನ ಇರುವ ಗಡಿ ಜಿಲ್ಲೆ ಅದು.

ಅಲ್ಲಿ ಸರ್ಕಾರಿ ಪ್ಲಾಂಟೇಷನ್ ಕಾರ್ಪೊರೇಷನ್ನಿನ ಗೇರು ತೋಟಗಳು ಸುಮಾರು 4,600 ಹೆಕ್ಟೇರ್ ಇವೆ. ಗೇರಿನ ಚಿಗುರು, ಹೂವಿನ ರಸ ಹೀರುವ ಟೀ ಸೊಳ್ಳೆ ಎಂಬ ಕೀಟವನ್ನು ಕೊಲ್ಲಲು ಎಂಡೋಸಲ್ಫಾನ್ ಸಿಂಪಡಿಸುತ್ತಿದ್ದರು. ತೋಟ ಗುಡ್ಡದ ಮೇಲೆ, ಮನೆ ಮತ್ತು ನೀರು ಕೆಳಗೆ. ಗಾಳಿಗೆ ತೇಲಿದ ಹನಿಯೂ, ಮಳೆಗೆ ತೊಳೆದ ಮಣ್ಣೂ ಕೆಳಕ್ಕೇ ಬರಬೇಕಲ್ಲ!

ಪೆರಿಯದಲ್ಲಿ ಇಂಥ ತೋಟದ ಹತ್ತಿರ ವಾಸವಾಗಿದ್ದವರು ಲೀಲಾಕುಮಾರಿ ಅಮ್ಮ. ಕೃಷಿ ಇಲಾಖೆಯ ನೌಕರರು. ಕೀಟನಾಶಕ ಏನು ಮಾಡುತ್ತದೆಂದು ತಿಳಿದವರು. ಮೊದಲು ಅಧಿಕಾರಿಗಳಿಗೆ ದೂರು ಕೊಟ್ಟರು. ಪ್ರಯೋಜನವಾಗದಾಗ 1998ರಲ್ಲಿ ಹೊಸದುರ್ಗದ ಮುನ್ಸಿಫ್ ನ್ಯಾಯಾಲಯಕ್ಕೆ ಹೋದರು. ಎದುರಿಗಿದ್ದದ್ದು ಸರ್ಕಾರದ್ದೇ ಸಂಸ್ಥೆ. ಆದರೂ ನ್ಯಾಯಾಲಯ ಸಿಂಪಡಣೆಗೆ ತಡೆ ಕೊಟ್ಟಿತು. 2000ದಲ್ಲಿ ತೀರ್ಪು ಅವರ ಕಡೆಗೇ ಬಂತು.

ಅದೇ ಕಾಲದಲ್ಲಿ ಜಿಲ್ಲೆಯ ಉತ್ತರಕ್ಕಿರುವ ಪಡ್ರೆ ಗ್ರಾಮದಲ್ಲಿ ಡಾ. ವೈ. ಎಸ್. ಮೋಹನ್ ಕುಮಾರ್ ತಮ್ಮ ರೋಗಿಗಳಲ್ಲಿ ಅಸಹಜ ಕಾಯಿಲೆಗಳು ಹೆಚ್ಚಿರುವುದನ್ನು ಗುರುತಿಸಿ ಬರೆದಿದ್ದರು. ಆಮೇಲೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಬಂದು ಪಡ್ರೆಯ ಶಾಲಾ ಮಕ್ಕಳನ್ನು ಸಿಂಪಡಣೆ ಇಲ್ಲದ ಊರಿನ ಮಕ್ಕಳೊಂದಿಗೆ ಹೋಲಿಸಿ ನೋಡಿದರು. ಪಡ್ರೆಯಲ್ಲಿ ಹುಟ್ಟಿನಿಂದ ಬರುವ ದೋಷಗಳೂ ಕಲಿಕೆಯ ತೊಂದರೆಗಳೂ ಹೆಚ್ಚಾಗಿ ಕಂಡವು. ಇದನ್ನು ಒಪ್ಪದ ವಿಜ್ಞಾನಿಗಳೂ ಇದ್ದರು. ಯಾಕೆ? ಯಾವ ಮಗುವಿಗೆ ಎಷ್ಟು ವಿಷ ತಗುಲಿತೆಂದು ಸಿಂಪಡಿಸುವಾಗ ಯಾರೂ ಅಳೆದಿರಲಿಲ್ಲ. ಲೆಕ್ಕ ಇಡದೆ ಹೋದರೆ ಆಮೇಲೆ ರುಜುವಾತು ಕಷ್ಟ.

ಎಂಡೋಸಲ್ಫಾನ್ ಅಣುವಿನಲ್ಲಿ 6 ಕ್ಲೋರಿನ್ ಪರಮಾಣುಗಳಿವೆ. ಅದು ನೀರಿನಲ್ಲಿ ಸುಲಭವಾಗಿ ಕರಗದು, ಕೊಬ್ಬಿನಲ್ಲಿ ಕರಗುತ್ತದೆ. ಮಣ್ಣಿನಲ್ಲಿ ಒಡೆದು ಎಂಡೋಸಲ್ಫಾನ್ ಸಲ್ಫೇಟ್ ಆಗುತ್ತದೆ. ಅದೂ ವಿಷವೇ, ಇನ್ನೂ ಹೆಚ್ಚು ಕಾಲ ಉಳಿಯುತ್ತದೆ. 2011ರ ಏಪ್ರಿಲ್‌ನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಇದನ್ನು ನಿಷೇಧದ ಪಟ್ಟಿಗೆ ಸೇರಿಸಿದವು. ಮೇ 13ರಂದು ನಮ್ಮ ಸುಪ್ರೀಂ ಕೋರ್ಟ್ ಉತ್ಪಾದನೆ, ಮಾರಾಟ ನಿಲ್ಲಿಸಿತು.

ಆಕಾಶದಿಂದ ಬಿದ್ದದ್ದರ ಲೆಕ್ಕವನ್ನು ಸಮಯಕ್ಕೆ ಸರಿಯಾಗಿ ಇಟ್ಟ ಕಥೆಯೂ ಒಂದಿದೆ. 1950ರ ದಶಕದಲ್ಲಿ ಅಣುಬಾಂಬುಗಳನ್ನು ಬಯಲಿನಲ್ಲೇ ಸಿಡಿಸಿ ಪರೀಕ್ಷಿಸುತ್ತಿದ್ದರು. ಅದರ ಬೂದಿಯಲ್ಲಿ ಸ್ಟ್ರಾನ್ಷಿಯಂ-90 ಇತ್ತು. ಕ್ಯಾಲ್ಸಿಯಂ ಗುಂಪಿನದೇ ಧಾತು ಅದು. ಆವರ್ತ ಕೋಷ್ಟಕದಲ್ಲಿ ಕ್ಯಾಲ್ಸಿಯಂ ಕೆಳಗಿನ ಮನೆ ನೋಡಿ. ಹುಲ್ಲಿಗೆ ಬಿದ್ದು, ಹಸುವಿನ ಹಾಲಿಗೆ ಬಂದು, ಮಕ್ಕಳ ಮೂಳೆ, ಹಲ್ಲು ಸೇರುತ್ತಿತ್ತು. ಅರ್ಧಾಯು ಸುಮಾರು 29 ವರ್ಷ. ಅಂದರೆ 58 ವರ್ಷದ ಮೇಲೂ ಕಾಲು ಭಾಗ ಉಳಿದಿರುತ್ತದೆ. ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ 1958ರಿಂದ ಡಾ. ಲೂಯೀಸ್ ರೈಸ್ ಎಂಬ ವೈದ್ಯೆ ಮುಂದೆ ನಿಂತು ಮಕ್ಕಳ ಉದುರಿದ ಹಾಲುಹಲ್ಲುಗಳನ್ನು ಸಂಗ್ರಹಿಸಿದರು. ತಾಯಂದಿರು ಕಳಿಸಿದ ಹಲ್ಲುಗಳು 3 ಲಕ್ಷ ದಾಟಿದವು! ಪರೀಕ್ಷೆಗಳು ಹೆಚ್ಚಿದಂತೆ ಹಲ್ಲಿನಲ್ಲಿ ಸ್ಟ್ರಾನ್ಷಿಯಂ ಕೂಡ ಹೆಚ್ಚಿದ್ದು ಗೊತ್ತಾಯಿತು. 1961ರ ನವೆಂಬರ್ 1ರಂದು ಅಲ್ಲಿನ ಹಲವು ನಗರಗಳಲ್ಲಿ ಸಾವಿರಾರು ಹೆಂಗಸರು ಪರೀಕ್ಷೆ ನಿಲ್ಲಿಸಿ ಎಂದು ಬೀದಿಗಿಳಿದರು. 1963ರ ಒಪ್ಪಂದ ವಾತಾವರಣದಲ್ಲಿನ ಅಣುಪರೀಕ್ಷೆಗಳನ್ನು ನಿಷೇಧಿಸಿತು.

ಕಾಸರಗೋಡಿನಲ್ಲಿ ಮಾತ್ರ ಸಿಂಪಡಣೆ ನಿಂತರೂ ನೋವು ನಿಲ್ಲಲಿಲ್ಲ. 2017ರಲ್ಲಿ ಸುಪ್ರೀಂ ಕೋರ್ಟ್ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಿ ಎಂದು ಕೇರಳ ಸರ್ಕಾರಕ್ಕೆ ಹೇಳಿತು. ಅಷ್ಟಾದರೂ 2019ರಲ್ಲಿ ತಾಯಂದಿರು ನಡೆಯಲಾರದ ಮಕ್ಕಳನ್ನು ಎತ್ತಿಕೊಂಡು ತಿರುವನಂತಪುರಕ್ಕೆ ಹೋಗಿ ಸೆಕ್ರೆಟೇರಿಯಟ್ ಎದುರು ಧರಣಿ ಕೂರಬೇಕಾಯಿತು. ಗೇರುಬೀಜದ ಲಾಭ ಒಬ್ಬರಿಗೆ, ವಿಷ ಇನ್ನೊಬ್ಬರಿಗೆ. ಪರಿಸರ ಅನ್ಯಾಯ ಅಂದರೆ ಇದೇ.

ನಿಮಗೊಂದು ಕೆಲಸ. ನಿಮ್ಮ ತೋಟದಲ್ಲಿ ಔಷಧಿ ಹೊಡೆಯುವ ದಿನ ನೋಟ್‌ಬುಕ್ಕಿನಲ್ಲಿ ಬರೆದಿಡಿ: ತಾರೀಖು, ಔಷಧಿಯ ಹೆಸರು, ಲೇಬಲ್ಲಿನ ತ್ರಿಕೋನದ ಬಣ್ಣ, ಗಾಳಿ ಬೀಸಿದ ದಿಕ್ಕು, ಹತ್ತಿರದ ಬಾವಿ ಎಷ್ಟು ದೂರ. ಡಬ್ಬ ಮುಟ್ಟಬೇಡಿ, ಲೇಬಲ್ಲನ್ನು ದೊಡ್ಡವರಿಂದ ಓದಿಸಿಕೊಳ್ಳಿ. ಕೆಂಪು ತ್ರಿಕೋನ ಅತ್ಯಂತ ವಿಷಕಾರಿ; ಹಳದಿ, ನೀಲಿ, ಹಸಿರು ಕ್ರಮವಾಗಿ ಕಡಿಮೆ. ಒಂದು ವರ್ಷ ಬರೆದರೆ ನಿಮ್ಮೂರಿನ ಲೆಕ್ಕ ನಿಮ್ಮ ಹತ್ತಿರವೇ ಇರುತ್ತದೆ. ಅದನ್ನು ತರಗತಿಗೆ ತನ್ನಿ, ಮೇಷ್ಟ್ರ ಜೊತೆ ಕೂತು ನೋಡೋಣ.