ಮೈಲುತುತ್ತದ ಹಿಂದಿರೋ ಮೇಷ್ಟ್ರು

ನಮ್ಮ ಚಿತ್ರದುರ್ಗದ ಕಡೆ ಮಳೆಯೇ ಅಪರೂಪ. ಆದ್ರೂ ಜಡಿಮಳೆ ಹಿಡಿದ ವರ್ಷ ಹೊಳಲ್ಕೆರೆ, ಹೊಸದುರ್ಗದ ಅಡಿಕೆ ತೋಟಗಳಲ್ಲಿ ಪ್ಲಾಸ್ಟಿಕ್ ಡ್ರಮ್ಮು ಹೊರಗೆ ಬರುತ್ತೆ. 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಬೋರ್ಡೋ ದ್ರಾವಣ ರೆಡಿ. ಕುಡುಗೋಲಿನ ತುದಿ ಅದ್ದಿ ನೋಡಿ, ಕೆಂಪಗಾದ್ರೆ ಇನ್ನೊಂಚೂರು ಸುಣ್ಣ ಬೇಕು ಅಂತ.

ಈ ಔಷಧಿ ಹುಟ್ಟಿದ್ದು ಫ್ರಾನ್ಸಿನ ದ್ರಾಕ್ಷಿ ತೋಟದಲ್ಲಿ. ನಮ್ಮ ಅಡಿಕೆ ಗೊನೆಗೆ ಅದನ್ನ ಒಗ್ಗಿಸಿದವರು ಲೆಸ್ಲಿ ಕೋಲ್ಮನ್. ಕೆನಡಾದವರು. ಜರ್ಮನಿಯಲ್ಲಿ ಡಾಕ್ಟರೇಟ್ ಮಾಡಿ 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ್ರು. ಏನು ಕೆಲಸ? ಬೆಳೆಗೆ ಬೀಳೋ ಹುಳ, ಬೂಷ್ಟು ನೋಡೋದು!

ಆಗ ಮಲೆನಾಡಲ್ಲಿ ಕೊಳೆರೋಗ ಬಂತಂದ್ರೆ ಕಾಯಿ ಪಟಪಟ ಉದುರೋದು. ಮರ ಹತ್ತಿ ಒಂದೊಂದು ಗೊನೆಗೂ ಮಳೆ ತಾಗದ ಹಾಗೆ ಕೊಟ್ಟೆ ಕಟ್ಟಬೇಕಿತ್ತು. ಔಷಧಿ ಹೊಡೆದ್ರೆ ಮಳೆಗೆ ತೊಳೆದು ಹೋಗುತ್ತಲ್ಲ? ಕೋಲ್ಮನ್ ಅದಕ್ಕೆ ರಾಳ ಸೇರಿಸಿದ್ರು. ಅಂಟಿಕೊಳ್ತು.

1913ರಲ್ಲಿ ಅವರೇ ಕೃಷಿ ಇಲಾಖೆಯ ಮೊದಲ ನಿರ್ದೇಶಕರು. ಹೆಬ್ಬಾಳದ ಕೃಷಿ ಶಾಲೆ, 1925ರ ಬಾಳೆಹೊನ್ನೂರು ಕಾಫಿ ಸಂಶೋಧನಾ ಕೇಂದ್ರ, ಮಂಡ್ಯದ ಸಕ್ಕರೆ ಕಾರ್ಖಾನೆ, ಎಲ್ಲದರಲ್ಲೂ ಇವರ ಕೈ ಇದೆ. ಮಂಡ್ಯದವರು ಇವರನ್ನ ನೆನೀತಾರೆ, ನಾವು ಅಷ್ಟಾಗಿ ಇಲ್ಲ.

ಹಾಗಂತ ನಮಗೇನೂ ಸಂಬಂಧ ಇಲ್ಲದವರಲ್ಲ. ಹಿರಿಯೂರಿನ ಬಬ್ಬೂರು ಫಾರಂ ಇದೆಯಲ್ಲ, ಅದೂ ಆ ಕಾಲದಲ್ಲಿ ಅವರ ಇಲಾಖೆಯದ್ದೇ.